ಕಪ್ಪಗಾದ ಮಾತ್ರಕ್ಕೆ ತಂಪಾಗಲ್ಲ ಸ್ವಾಮೀ!

ಮಾರ್ಚ್ ತಿಂಗಳು ಕಾಲಿಟ್ಟರೆ ಸಾಕು, ನಮ್ಮ ಸಾಫ್ಟ್‌ವೇರ್ ಮಂದಿಯ ಊಟದ ಟೇಬಲ್ಲಿನಲ್ಲಿ ಒಂದೇ ಪ್ರಶ್ನೆ: "ಮಗಾ, ಎಷ್ಟು ಪರ್ಸೆಂಟ್ ಫಿಲ್ಮ್ ಹಾಕಿಸಿದ್ರೆ ಪೊಲೀಸರು ಹಿಡಿಯಲ್ಲ?"

ಪ್ರಶ್ನೆಯನ್ನು ಸ್ವಲ್ಪ ಗಮನಿಸಿ. ಯಾವುದು ಹಾಕಿದರೆ ಕಾರು ತಂಪಾಗಿರುತ್ತೆ ಅಂತ ಕೇಳ್ತಿಲ್ಲ. ಯಾವುದು ಹಾಕಿದರೆ ರಾತ್ರಿ ರಸ್ತೆ ನೆಟ್ಟಗೆ ಕಾಣುತ್ತೆ ಅಂತಲೂ ಕೇಳ್ತಿಲ್ಲ. ಸಿಕ್ಕಿಹಾಕಿಕೊಳ್ಳದೆ ಎಷ್ಟು ಕಪ್ಪು ಮಾಡಬಹುದು, ಅಷ್ಟೇ ಚಿಂತೆ. ಉತ್ತರ ಹೇಳುವವರಿಗೂ ಬರ ಇಲ್ಲ. "35 ಹಾಕ್ಸು, ನಂದು ಎರಡು ವರ್ಷದಿಂದ ಇದೆ, ಏನೂ ಆಗಿಲ್ಲ" ಅಂತ ಒಬ್ಬ. "50 ಲೀಗಲ್ಲು, ಅಂಗಡಿಯವನೇ ಹೇಳಿದಾನೆ" ಅಂತ ಇನ್ನೊಬ್ಬ. "ಇದೆಲ್ಲ ಫೈನ್ ಹಾಕೋಕೆ ಮಾಡಿರೋ ರೂಲು, ನನ್ನ ಕಾರು ನನ್ನ ಗಾಜು" ಅಂತ ಮೂರನೆಯವನು. ನಮ್ಮ ಬ್ಲಾಗ್ ಬಳಗದ ಗೆಳೆಯರಲ್ಲೂ ಈ ಮೂರನೆಯ ಪಂಗಡದವರು ಇದ್ದಾರೆ ಅಂತ ಗೊತ್ತು. ಅವರಿಗಾಗಿಯೇ ಈ ಬರಹ. ಕೋಪ ಮಾಡ್ಕೋಬೇಡಿ, ಪೂರ್ತಿ ಓದಿ ಆಮೇಲೆ ಬೈಯ್ಯಿರಿ :-)

ನಾನು ಹೇಳೋದು ಇಷ್ಟೇ. ಕಾರಿನ ಗಾಜಿನ ಬಗ್ಗೆ ನಮ್ಮ ದೇಶದಲ್ಲಿರೋ 70-50ರ ನಿಯಮ ಸರಿಯಾಗಿದೆ. ಕಪ್ಪು ಗಾಜು ಬಿಸಿಲಿಗೆ ಮದ್ದು ಅನ್ನೋದು ನಮಗೆ ನಾವೇ ಹೇಳಿಕೊಂಡ ಸುಳ್ಳು. ತಪ್ಪಿರೋದು ನಿಯಮದಲ್ಲಲ್ಲ. ಅದನ್ನು ಅಳತೆ ಇಲ್ಲದೆ, ಮುಖ ನೋಡಿ ಮಣೆ ಹಾಕೋ ರೀತಿಯಲ್ಲಿ ಜಾರಿ ಮಾಡ್ತಿರೋದ್ರಲ್ಲಿ.

ಮೊದಲು ನಿಯಮ ಏನು ಅಂತ ನೋಡೋಣ

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೇ ನಿಯಮ ಗಾಜಿನದ್ದು. ಮುಂದಿನ ಗಾಜು ಮತ್ತು ಹಿಂದಿನ ಗಾಜಿನ ಮೂಲಕ ಕನಿಷ್ಠ 70 ಪರ್ಸೆಂಟ್ ಬೆಳಕು ಹಾದುಹೋಗಬೇಕು. ಪಕ್ಕದ ಗಾಜುಗಳ ಮೂಲಕ ಕನಿಷ್ಠ 50 ಪರ್ಸೆಂಟ್. ಇಲ್ಲಿ ಬೆಳಕು ಅಂದರೆ ಕಣ್ಣಿಗೆ ಕಾಣುವ ಬೆಳಕು ಮಾತ್ರ. ಈ ಅಳತೆಗೇ ವಿಎಲ್‌ಟಿ ಅನ್ನೋದು. ಸಂಖ್ಯೆ ಹೆಚ್ಚಾದಷ್ಟೂ ಗಾಜು ತಿಳಿ, ಕಡಿಮೆಯಾದಷ್ಟೂ ಕಪ್ಪು. ತುಂಬ ಜನ ಇದನ್ನು ತಲೆಕೆಳಗಾಗಿ ತಿಳ್ಕೊಂಡಿದ್ದಾರೆ. 70 ಪರ್ಸೆಂಟ್ ಅಂದ್ರೆ 70 ಪಾಲು ತಡೆಯೋದಲ್ಲ, 70 ಪಾಲು ಬಿಡೋದು.

ಇನ್ನೊಂದು ಮುಖ್ಯ ವಿಷಯ. ನಿಯಮ ಹೇಳೋದು ಗಾಜು ಒಟ್ಟಾರೆ ಎಷ್ಟು ಬೆಳಕು ಬಿಡಬೇಕು ಅಂತ. ಫಿಲ್ಮ್ ಎಷ್ಟು ಬಿಡಬೇಕು ಅಂತ ಅಲ್ಲ. ಇಲ್ಲೇ ಅಂಗಡಿಯವನ ಲೆಕ್ಕ ತಪ್ಪೋದು. ಇಂಜಿನಿಯರಿಂಗ್ ಓದಿದ ನಾವೂ ಅವನ ಮುಂದೆ ತಲೆ ಆಡಿಸಿ ಬರ್ತೀವಿ!

ಬೆಳಕು ಒಂದು ಪದರ ದಾಟಿ ಇನ್ನೊಂದು ಪದರಕ್ಕೆ ಬಂದಾಗ ಪರ್ಸೆಂಟ್‌ಗಳು ಗುಣಿಸಿಕೊಳ್ಳುತ್ತವೆ. ಹೊಸ ಕಾರಿನ ಗಾಜು ಪೂರ್ತಿ ತಿಳಿಯಾಗೇನೂ ಇರಲ್ಲ, ಸಾಮಾನ್ಯವಾಗಿ ತೆಳು ಹಸಿರು ಛಾಯೆ ಇರುತ್ತೆ. ಪಕ್ಕದ ಗಾಜು 75 ಪರ್ಸೆಂಟ್ ಬಿಡುತ್ತೆ ಅಂತ ಇಟ್ಕೊಳ್ಳಿ. ಅದರ ಮೇಲೆ "ಲೀಗಲ್" 50ರ ಫಿಲ್ಮ್ ಅಂಟಿಸಿದರೆ ಉಳಿಯೋದು 37.5. ನಿಯಮ ಕೇಳಿದ್ದು 50. ಅದೇ ಗಾಜಿಗೆ 35ರ ಫಿಲ್ಮ್ ಅಂಟಿಸಿದರೆ ಉಳಿಯೋದು ಸುಮಾರು 26, ಅಂದ್ರೆ ಕಾಲು ಭಾಗ. ಹೋಗಲಿ, 70ರ ತಿಳಿ ಫಿಲ್ಮ್ ಹಾಕ್ತೀನಿ ಅಂತೀರಾ? ಗಾಜು 75 ಇದ್ರೆ 52.5 ಬಂದು ಪಾಸು. ಗಾಜೇ 70 ಇದ್ರೆ 49 ಬಂದು ಫೇಲು. ಮುಂದಿನ ಗಾಜಿನ ಕಥೆ ಇನ್ನೂ ಬಿಗಿ. 80ರ ಗಾಜಿಗೆ 85ರ ಫಿಲ್ಮ್ ಹಾಕಿದರೂ 68 ಆಗಿ ಫೇಲು.

ಅಂದ್ರೆ "50 ಪರ್ಸೆಂಟ್ ಲೀಗಲ್ಲು ಸಾರ್" ಅನ್ನೋ ಮಾತು ಬರಿಗಾಳಿಯಲ್ಲಿ ಫಿಲ್ಮ್ ಹಿಡಿದುಕೊಂಡಾಗ ಮಾತ್ರ ನಿಜ. ಗಾಜಿಗೆ ಅಂಟಿಸಿದ ಕ್ಷಣದಿಂದ ಸುಳ್ಳು. ಜೆ.ಸಿ. ರೋಡಿನಲ್ಲಿ ಯಾವ ಅಂಗಡಿಗಾದರೂ ಹೋಗಿ, "ನನ್ನ ಗಾಜು ಎಷ್ಟು, ಅಂಟಿಸಿದ ಮೇಲೆ ಒಟ್ಟು ಎಷ್ಟು, ಬಿಲ್ಲಿನಲ್ಲಿ ಬರೆದುಕೊಡ್ತೀರಾ?" ಅಂತ ಕೇಳಿ ನೋಡಿ. ಬರೆದುಕೊಟ್ಟರೆ ನನಗೂ ಹೇಳಿ, ನಾನೇ ಬಂದು ಕೈ ಮುಗಿಯುತ್ತೇನೆ.

ಕೋರ್ಟು ಏನು ಹೇಳಿದೆ?

2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟು ಅವಿಷೇಕ್ ಗೋಯೆಂಕಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಆಗ ಮುಖ್ಯ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ. ತೀರ್ಪಿನ ಸಾರ ಇಷ್ಟು: ಕಾರು ತಯಾರಿಸುವಾಗಲೇ 70-50ರ ಮಿತಿಯೊಳಗೆ ಛಾಯೆ ಇರುವ ಗಾಜು ಹಾಕಿದರೆ ಅಡ್ಡಿಯಿಲ್ಲ. ಆದರೆ ಆಮೇಲೆ ಯಾರೂ ಗಾಜಿನ ಮೇಲೆ ಕಪ್ಪು ಫಿಲ್ಮ್ ಅಥವಾ ಬೇರೆ ಯಾವುದೇ ವಸ್ತು ಅಂಟಿಸುವಂತಿಲ್ಲ, ಅದರ ಪರ್ಸೆಂಟ್ ಎಷ್ಟೇ ಇರಲಿ. 2012ರ ಮೇ 4ರಿಂದ ಇದು ಜಾರಿಗೆ ಬಂತು. ಪೊಲೀಸರು ದಂಡ ಹಾಕೋದು ಮಾತ್ರ ಅಲ್ಲ, ಫಿಲ್ಮ್ ಕಿತ್ತು ಹಾಕಬೇಕು ಅಂತಲೂ ಹೇಳಿತು. ಫಿಲ್ಮ್ ತಯಾರಿಸುವವರು, ಮಾರುವವರು ಮತ್ತೆ ಕೋರ್ಟಿಗೆ ಹೋದರು. 2012ರ ಆಗಸ್ಟ್ 3ರಂದು ಕೋರ್ಟು ತನ್ನ ಮಾತು ಬದಲಿಸಲು ಒಪ್ಪಲಿಲ್ಲ.

ಆಮೇಲೆ ಕಥೆ ಸ್ವಲ್ಪ ತಿರುವು ತಗೊಂಡಿತು. 2020ರಲ್ಲಿ 100ನೇ ನಿಯಮಕ್ಕೆ ತಿದ್ದುಪಡಿ ಆಗಿ 2021ರ ಏಪ್ರಿಲ್ 1ರಿಂದ ಜಾರಿಯಾಯಿತು. ಬರೀ ಸೇಫ್ಟಿ ಗ್ಲಾಸ್ ಅಂತ ಇದ್ದ ಕಡೆ "ಸೇಫ್ಟಿ ಗ್ಲೇಜಿಂಗ್" ಅನ್ನೋದೂ ಸೇರಿತು. ಪ್ಲಾಸ್ಟಿಕ್ ಪದರ ಇರುವ ಗಾಜೂ ಅದರಲ್ಲಿ ಬರುತ್ತೆ. ಇದನ್ನು ಹಿಡಿದು 2024ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ ಎನ್. ನಗರೇಶ್ ಅವರು, ಒಟ್ಟು ಬೆಳಕು 70-50ರ ಮಿತಿಯಲ್ಲಿ ಇದ್ದರೆ ಅಂಥ ಫಿಲ್ಮ್ ಹಾಕಿದ ಕಾರಿಗೆ ದಂಡ ಹಾಕುವಂತಿಲ್ಲ ಅಂತ ತೀರ್ಪು ಕೊಟ್ಟರು.

ಇದು ಸುದ್ದಿಯಾದಾಗ ನಮ್ಮವರೆಲ್ಲ "ಫಿಲ್ಮ್ ಲೀಗಲ್ ಆಯ್ತು!" ಅಂತ ಕುಣಿದಾಡಿದರು. ಸ್ವಲ್ಪ ತಡೀರಿ. ಒಂದನೆಯದು, ಆ ತೀರ್ಪು 70-50ನ್ನು ಒಂದು ಪರ್ಸೆಂಟೂ ಸಡಿಲ ಮಾಡಲಿಲ್ಲ. ನಿಮ್ಮ 35ರ ಫಿಲ್ಮು ಕೇರಳದಲ್ಲೂ ತಪ್ಪೇ. ಎರಡನೆಯದು, ಪಕ್ಕದ ರಾಜ್ಯದ ಹೈಕೋರ್ಟಿನ ತೀರ್ಪನ್ನು ಇಲ್ಲಿ ವಾದಕ್ಕೆ ಬಳಸಬಹುದು, ಆದರೆ ನಮ್ಮ ಸಿಗ್ನಲ್ಲಿನಲ್ಲಿ ನಿಂತ ಪೊಲೀಸಿನವರು ಅದಕ್ಕೆ ತಲೆಬಾಗಲೇಬೇಕು ಅಂತ ಇಲ್ಲ. ದಿನಾ ತಲಪಾಡಿ ದಾಟಿ ಕಾಸರಗೋಡಿಗೆ ಹೋಗಿಬರುವ ಮಂಗಳೂರಿನವರ ಅವಸ್ಥೆ ಊಹಿಸಿ. ಗಡಿಯ ಆಚೆ ಒಂದು ವಾದ, ಈಚೆ ಒಂದು ವಾದ, ಗಾಜು ಮಾತ್ರ ಒಂದೇ! ಈ ಗೊಂದಲವನ್ನು ಬಗೆಹರಿಸಬೇಕಾದದ್ದು ಸರ್ಕಾರ, ನಿಜ. ಆದರೆ ಗೊಂದಲ ಇರೋದು ಫಿಲ್ಮ್ ಅಂಟಿಸಬಹುದೋ ಬೇಡವೋ ಅನ್ನೋದರ ಬಗ್ಗೆ. ಎಷ್ಟು ಬೆಳಕು ಬರಬೇಕು ಅನ್ನೋದರ ಬಗ್ಗೆ ಯಾವ ಗೊಂದಲವೂ ಇಲ್ಲ.

ಈಗ ಕಪ್ಪು ಗಾಜಿನ ಪರ ಇರುವ ವಾದಗಳನ್ನು ಒಂದೊಂದಾಗಿ ನೋಡೋಣ.

ವಾದ 1: "ಬಿಸಿಲು ರೀ, ಒಳಗೆ ಕೂರೋಕಾಗಲ್ಲ"

ಕಲಬುರಗಿ, ರಾಯಚೂರಿನವರು ಹೇಳಿದರೆ ಒಪ್ಪುತ್ತೇನೆ, ಅಲ್ಲಿ ಮೇ ತಿಂಗಳಲ್ಲಿ 40 ಡಿಗ್ರಿ ದಾಟೋದು ಹೊಸದೇನಲ್ಲ. ಬೆಂಗಳೂರಿನವರು ಹೇಳಿದರೂ ಕೇಳಿಸಿಕೊಳ್ಳೋಣ, ಈಗೀಗ ನಮ್ಮ ಊರೂ ಹಾಗೇ ಆಗಿದೆ. ಆದರೆ ಬಿಸಿಲಿಗೂ ಕಪ್ಪಿಗೂ ಏನು ಸಂಬಂಧ?

ಸೂರ್ಯನಿಂದ ಬರುವ ಶಕ್ತಿಯಲ್ಲಿ ಸುಮಾರು ಅರ್ಧ ಇರೋದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಭಾಗದಲ್ಲಿ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಉಳಿದ ಒಂದಿಷ್ಟು ಅಲ್ಟ್ರಾವಯೊಲೆಟ್. ಗಾಜು ಕಪ್ಪಾಗಿದೆ ಅಂದ್ರೆ ಕಾಣುವ ಬೆಳಕನ್ನು ತಡೀತಿದೆ ಅಂತ ಮಾತ್ರ ಅರ್ಥ. ಕಾಣದೇ ಇರುವ ಅರ್ಧದ ಗತಿ ಏನು ಅಂತ ಕಪ್ಪು ಬಣ್ಣ ಏನೂ ಹೇಳಲ್ಲ. ಅಗ್ಗದ ಬಣ್ಣದ ಫಿಲ್ಮುಗಳು ಬೆಳಕನ್ನು ಹೀರಿಕೊಳ್ಳುತ್ತವೆ. ಹೀರಿಕೊಂಡ ಮೇಲೆ ಗಾಜೇ ಬಿಸಿಯಾಗುತ್ತೆ, ಆ ಬಿಸಿಯಲ್ಲಿ ಒಂದು ಪಾಲು ವಾಪಸ್ ಒಳಗೇ ಬರುತ್ತೆ. ಕಣ್ಣಿಗೆ ಕತ್ತಲಾಗಿದೆ, ಹಾಗಾಗಿ ತಂಪಾಗಿದೆ ಅಂತ ಅನ್ಸುತ್ತೆ. ಕೂಲಿಂಗ್ ಗ್ಲಾಸ್ ಹಾಕಿಕೊಂಡರೆ ತಲೆ ತಂಪಾಯ್ತು ಅಂದ ಹಾಗೆ!

ಇನ್ನೊಂದು ಕಡೆ ನೋಡಿ, ಸೆರಾಮಿಕ್ ಅಂತ ಬರುವ ಒಳ್ಳೆಯ ಫಿಲ್ಮುಗಳು ನೋಡೋಕೆ ಹೆಚ್ಚುಕಮ್ಮಿ ತಿಳಿಯಾಗೇ ಇರುತ್ತವೆ, ಆದರೆ ಇನ್‌ಫ್ರಾರೆಡ್‌ನ ದೊಡ್ಡ ಪಾಲನ್ನು ತಡೆಯುತ್ತವೆ. ಅಂದ್ರೆ ಕಪ್ಪು ಮಾಡದೆ ತಂಪು ಮಾಡೋದು ಸಾಧ್ಯ, ತಂಪು ಮಾಡದೆ ಕಪ್ಪು ಮಾಡೋದೂ ಸಾಧ್ಯ. ಎರಡೂ ಬೇರೆ ಬೇರೆ ಗುಣ. ಅಗ್ಗದ್ದು ಬೇಕು ಅಂದವರು ಎರಡನೆಯದನ್ನು ಕೊಂಡು ಮೊದಲನೆಯದು ಅಂತ ನಂಬಿರುತ್ತಾರೆ.

ಇದಕ್ಕಿಂತ ತಮಾಷೆ ಏನಂದ್ರೆ, ಕಾರಿನಲ್ಲಿ ಬಿಸಿಲು ನುಗ್ಗುವ ಅತಿ ದೊಡ್ಡ ಬಾಗಿಲು ಮುಂದಿನ ಗಾಜು. ಇಳಿಜಾರಾಗಿ ಆಕಾಶಕ್ಕೆ ಮುಖ ಮಾಡಿಕೊಂಡಿರುತ್ತೆ. ಅದನ್ನು ಯಾರೂ ಕಪ್ಪು ಮಾಡಲ್ಲ, ಮಾಡಿದರೆ ಓಡಿಸೋಕೇ ಆಗಲ್ಲ. ಮನೆಯ ಹೆಬ್ಬಾಗಿಲು ತೆರೆದಿಟ್ಟು ಕಿಟಕಿಗೆ ಕಂಬಳಿ ಹೊದಿಸಿದರೆ ಏನು ಪ್ರಯೋಜನ?

ಚರ್ಮ ಕಪ್ಪಾಗುತ್ತೆ, ಅಲ್ಟ್ರಾವಯೊಲೆಟ್ ಬರುತ್ತೆ ಅನ್ನೋರಿಗೆ ಒಂದು ಮಾತು. ಮುಂದಿನ ಗಾಜು ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಮಾಡಿದ್ದು. ಆ ಪದರ ಅಲ್ಟ್ರಾವಯೊಲೆಟ್ಟನ್ನು ಬಹುಪಾಲು ತಡೆದುಬಿಡುತ್ತೆ, ಗಾಜು ತಿಳಿಯಾಗೇ ಇದ್ದರೂ. ಪಕ್ಕದ ಗಾಜು ಅಷ್ಟು ತಡೆಯಲ್ಲ, ನಿಜ. ಆದರೆ ಅದಕ್ಕೂ ಕಪ್ಪು ಬೇಕಿಲ್ಲ. ತಿಳಿ ಗಾಜೇ ಅಲ್ಟ್ರಾವಯೊಲೆಟ್ ತಡೆಯಬಲ್ಲದು ಅನ್ನೋದಕ್ಕೆ ನಿಮ್ಮ ಮುಂದಿರುವ ಗಾಜೇ ಸಾಕ್ಷಿ. ಕೆಲವು ಕಾರುಗಳು ಕಂಪನಿಯಿಂದಲೇ ಯುವಿ ಕಟ್ ಗಾಜಿನ ಜೊತೆ ಬರುತ್ತವೆ. ಕಾರು ಕೊಳ್ಳುವಾಗ ಸನ್‌ರೂಫ್ ಇದೆಯಾ ಅಂತ ಹತ್ತು ಸಲ ಕೇಳುವ ನಾವು ಇದನ್ನು ಒಂದು ಸಲವೂ ಕೇಳಲ್ಲ. ಬಿಸಿಲಿಗೆ ಹೆದರಿ ಫಿಲ್ಮ್ ಹಾಕಿಸುವವರೇ ತಲೆ ಮೇಲೆ ದೊಡ್ಡ ಗಾಜು ಇರೋ ಕಾರು ತಗೋತಾರೆ, ಇದಕ್ಕೇನು ಹೇಳೋಣ :-)

ವಾದ 2: "ನನ್ನ ಕಾರು, ನನ್ನ ಪ್ರೈವೆಸಿ"

ಕಾರು ನಿಮ್ಮದು, ಒಪ್ಪಿದೆ. ರಸ್ತೆ?

ನಮ್ಮ ರಸ್ತೆಗಳಲ್ಲಿ ನಿಜವಾಗಿ ಕೆಲಸ ಮಾಡುವ ಸಿಗ್ನಲ್ ಯಾವುದು ಗೊತ್ತಾ? ಕೆಂಪು ದೀಪ ಅಲ್ಲ. ಕಣ್ಣು. ರಸ್ತೆ ದಾಟಲು ನಿಂತ ಅಜ್ಜಿ ಕಾರಿನ ದೀಪ ನೋಡಲ್ಲ, ಓಡಿಸುವವನ ಮುಖ ನೋಡ್ತಾಳೆ. ಅವನು ತನ್ನನ್ನು ನೋಡಿದನಾ, ನಿಲ್ಲಿಸ್ತಾನಾ, ಫೋನಿನಲ್ಲಿ ಮುಳುಗಿದಾನಾ? ಅಡ್ಡರಸ್ತೆಯಿಂದ ಬರುವ ಸ್ಕೂಟರಿನವರು ನಿಮ್ಮ ಪಕ್ಕದ ಗಾಜಿನ ಮೂಲಕ ನಿಮ್ಮ ಮುಖ ಯಾವ ಕಡೆ ತಿರುಗಿದೆ ಅಂತ ನೋಡಿ ನುಗ್ಗೋದೋ ನಿಲ್ಲೋದೋ ತೀರ್ಮಾನ ಮಾಡ್ತಾರೆ. ಸೈಕಲ್ ತುಳಿಯುವ ಹುಡುಗ, ತಳ್ಳುಗಾಡಿಯವನು, ಎಲ್ಲರೂ ಅಷ್ಟೇ. ಇಂಡಿಕೇಟರ್ ಹಾಕುವವರು ಅಪರೂಪ, ಜೀಬ್ರಾ ಕ್ರಾಸಿಂಗ್ ಬಣ್ಣ ಮಾಸಿ ಹೋಗಿದೆ, ಉಳಿದಿರೋದು ಈ ಕಣ್ಣಿನ ಭಾಷೆ ಒಂದೇ. ಕಪ್ಪು ಗಾಜು ಹಾಕಿಸಿದ ದಿನ ನೀವು ಆ ಭಾಷೆಗೆ ಬೀಗ ಹಾಕಿದಿರಿ. ನಿಮಗೆ ಅವರು ಕಾಣ್ತಾರೆ, ಅವರಿಗೆ ನೀವು ಕಾಣಲ್ಲ. ಲೋಹದ ಡಬ್ಬದ ಒಳಗೆ ಇರೋ ನೀವು ಬಚಾವು, ಹೊರಗೆ ನಡೆಯುವವರು ದೇವರ ಮೇಲೆ ಭಾರ ಹಾಕಬೇಕು.

ನಿಮಗಾದರೂ ಸರಿಯಾಗಿ ಕಾಣುತ್ತಾ? ಹಗಲು ಕಾಣುತ್ತೆ ಬಿಡಿ. ರಾತ್ರಿ, ಮಳೆ, ಬೀದಿದೀಪ ಇಲ್ಲದ ತಿರುವು, ಕಪ್ಪು ಬಟ್ಟೆ ಹಾಕಿಕೊಂಡು ನಡೆದು ಬರುತ್ತಿರುವ ಒಬ್ಬ ಮನುಷ್ಯ. ಮೊದಲೇ ಇದ್ದ ಚೂರು ಬೆಳಕಿನಲ್ಲಿ ನಾಲ್ಕನೇ ಒಂದು ಪಾಲು ಮಾತ್ರ ನಿಮ್ಮ ಕಣ್ಣಿಗೆ ಬರ್ತಾ ಇದೆ. ಪಕ್ಕದ ಕನ್ನಡಿಯನ್ನೂ ನೀವು ನೋಡೋದು ಇದೇ ಪಕ್ಕದ ಗಾಜಿನ ಮೂಲಕ ಅನ್ನೋದು ನೆನಪಿರಲಿ. ಅದಕ್ಕೇ ರಿವರ್ಸ್ ಹಾಕುವಾಗ ಕಪ್ಪು ಗಾಜಿನವರು ಕಿಟಕಿ ಇಳಿಸಿ ತಲೆ ಹೊರಗೆ ಹಾಕೋದು. ತಮ್ಮ ಗಾಜಿನ ಮೇಲೆ ತಮಗೇ ನಂಬಿಕೆ ಇಲ್ಲ!

ಇನ್ನೂ ಒಂದು. ನಿಮಗೆ 28 ವಯಸ್ಸು, ಕಣ್ಣು ಚುರುಕು, ಸುಧಾರಿಸ್ತೀರಿ. ಹಬ್ಬಕ್ಕೆ ಊರಿಗೆ ಹೋದಾಗ ಅದೇ ಕಾರನ್ನು ನಿಮ್ಮ ಅಪ್ಪ ಓಡಿಸ್ತಾರೆ. ವಯಸ್ಸಾದ ಹಾಗೆ ಕಣ್ಣಿನ ಪಾಪೆ ಕತ್ತಲಲ್ಲಿ ಮೊದಲಿನಷ್ಟು ಅಗಲ ಆಗಲ್ಲ, ಕಣ್ಣಿನ ಮಸೂರವೂ ಮಸುಕಾಗುತ್ತೆ. ಅರವತ್ತು ದಾಟಿದವರ ಕಣ್ಣಿನೊಳಕ್ಕೆ ಹೋಗುವ ಬೆಳಕು ಇಪ್ಪತ್ತರವರಿಗಿಂತ ತುಂಬ ಕಡಿಮೆ. ಅವರಿಗೆ ನಿಮ್ಮ "ಸ್ಟೈಲಿಶ್" ಗಾಜು ಅಂದ್ರೆ ಕಣ್ಣಿಗೆ ಬಟ್ಟೆ ಕಟ್ಟಿ ಹಳ್ಳಿ ರಸ್ತೆಗೆ ಕಳಿಸಿದ ಹಾಗೆ.

ವಾದ 3: "ಹೆಣ್ಣುಮಕ್ಕಳ ಸುರಕ್ಷತೆಗೆ ಬೇಕು"

ಈ ವಾದವನ್ನು ನಾನು ಹಗುರವಾಗಿ ತಗೊಳ್ಳಲ್ಲ. ರಾತ್ರಿ ಒಬ್ಬರೇ ಕಾರು ಓಡಿಸಿಕೊಂಡು ಬರುವಾಗ ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವರು ಇಣುಕಿ ನೋಡೋದು ಎಷ್ಟು ಹಿಂಸೆ ಅಂತ ನನ್ನ ಟೀಮಿನ ಹುಡುಗಿಯರು ಹೇಳಿದ್ದಾರೆ. ಅವರ ಭಯ ನಿಜ.

ಆದರೆ ಇನ್ನೊಂದು ಕಡೆ ಯೋಚಿಸಿ. ಎಲ್ಲ ಹೆಣ್ಣುಮಕ್ಕಳೂ ಸ್ವಂತ ಕಾರು ಓಡಿಸಿಕೊಂಡು ಬರಲ್ಲ. ಎಷ್ಟೋ ಜನ ರಾತ್ರಿ ಪಾಳಿ ಮುಗಿಸಿ ಗೊತ್ತಿಲ್ಲದ ಡ್ರೈವರಿನ ಹಿಂದೆ ಕೂತು ಬರ್ತಾರೆ. ಆ ಹೊತ್ತಿನಲ್ಲಿ ಹೊರಗಿನವರಿಗೆ ಒಳಗೆ ಏನಾಗ್ತಿದೆ ಅಂತ ಕಾಣೋದೇ ಅವರಿಗೆ ಇರುವ ದೊಡ್ಡ ರಕ್ಷಣೆ. 2012ರ ಪ್ರಕರಣದಲ್ಲಿ ಕೋರ್ಟಿನ ಮುಂದೆ ಇದ್ದ ಮುಖ್ಯ ಮಾತೇ ಇದು, ಕಪ್ಪು ಗಾಜಿನ ಕಾರುಗಳ ಒಳಗೆ ನಡೆಯುವ ಅಪರಾಧ, ಅದರಲ್ಲೂ ಹೆಂಗಸರ ಮೇಲಿನ ದೌರ್ಜನ್ಯ. ಕಪ್ಪು ಗಾಜು ಒಳಗಿರುವ ಒಳ್ಳೆಯವರನ್ನೂ ಮುಚ್ಚುತ್ತೆ, ಕೆಟ್ಟವರನ್ನೂ ಮುಚ್ಚುತ್ತೆ. ಒಳಗಿರೋದು ಯಾರು ಅಂತ ಗಾಜಿಗೆ ಗೊತ್ತಾಗಲ್ಲ.

ಮಗುವಿನ ವಿಷಯವೂ ಹೀಗೇ. ಹಿಂದಿನ ಸೀಟಿನಲ್ಲಿ ಮಗು ಮಲಗಿದೆ, ಬಿಸಿಲು ಬೀಳುತ್ತೆ ಅಂತಾರೆ. ನಿಲ್ಲಿಸಿದ ಕಾರಿನಲ್ಲಿ ಅದೇ ಮಗು ಅಕಸ್ಮಾತ್ ಒಳಗೇ ಉಳಿದುಬಿಟ್ಟರೆ, ದಾರಿಯಲ್ಲಿ ಹೋಗುವವರು ಕಂಡು ಗಾಜು ಒಡೆದಾದರೂ ತೆಗೆಯಬೇಕಲ್ಲ? ಕಂಡರೆ ತಾನೇ?

ವಾದ 4: "ಅಮೆರಿಕಾದಲ್ಲಿ ಎಲ್ಲರೂ ಹಾಕಿಸ್ತಾರೆ"

ಕಡಲಾಚೆಯ ಕನ್ನಡಿಗ ಗೆಳೆಯರು ಈ ಮಾತು ಎತ್ತುತ್ತಾರೆ. ಅಲ್ಲಿ ರಾಜ್ಯಕ್ಕೊಂದು ನಿಯಮ ಇದೆ, ಒಪ್ಪಿದೆ. ಟೆಕ್ಸಾಸ್‌ನಲ್ಲಿ ಮುಂದಿನ ಬಾಗಿಲಿನ ಗಾಜು 25ರವರೆಗೂ ಇರಬಹುದು. ಆದರೆ ನಮ್ಮವರು ತುಂಬಿ ತುಳುಕುತ್ತಿರುವ ಕ್ಯಾಲಿಫೋರ್ನಿಯಾದಲ್ಲಿ ಡ್ರೈವರಿನ ಅಕ್ಕಪಕ್ಕದ ಗಾಜು ಒಟ್ಟು 70 ಪರ್ಸೆಂಟ್ ಬಿಡಲೇಬೇಕು. ಬ್ರಿಟನ್ನಿನಲ್ಲಿ 1985ರ ಏಪ್ರಿಲ್ 1ರ ನಂತರದ ಕಾರುಗಳಿಗೆ ಮುಂದಿನ ಗಾಜು 75, ಮುಂದಿನ ಬಾಗಿಲುಗಳ ಗಾಜು 70. ಅಂದ್ರೆ ಡ್ರೈವರಿನ ಪಕ್ಕದ ಗಾಜಿನ ವಿಷಯದಲ್ಲಿ ನಮ್ಮ 50 ಅವರಿಗಿಂತ ಧಾರಾಳ! ಈ ಎರಡೂ ಕಡೆ ಡ್ರೈವರಿನ ಹಿಂದಿನ ಗಾಜುಗಳಿಗೆ ಹೆಚ್ಚು ಬಿಡುಗಡೆ ಇದೆ, ಅದು ನಿಜ. ಅದರ ಹಿಂದಿನ ಲೆಕ್ಕ ನೋಡಿ: ಓಡಿಸುವವನಿಗೆ ರಸ್ತೆ ಕಾಣಬೇಕು, ರಸ್ತೆಗೆ ಓಡಿಸುವವನು ಕಾಣಬೇಕು. ನಾನು ಮೇಲೆ ಹೇಳಿದ್ದೂ ಅದೇ. ನಮ್ಮಲ್ಲೂ ಹಿಂದಿನ ಸೀಟಿನ ಗಾಜಿಗೆ ಬೇರೆ ಮಿತಿ ಬೇಕು ಅಂತ ಯಾರಾದರೂ ಸರ್ಕಾರಕ್ಕೆ ಬರೆದರೆ ಕೂತು ಚರ್ಚೆ ಮಾಡೋಣ. ಬರೆಯೋದು ಬಿಟ್ಟು ಜೆ.ಸಿ. ರೋಡಿಗೆ ಹೋಗಿ ನಾಲ್ಕೂ ಗಾಜಿಗೆ ಅಂಟಿಸ್ಕೊಂಡು ಬಂದು "ಅಮೆರಿಕಾ" ಅಂದ್ರೆ ಹೇಗೆ?

ವಾದ 5: "ದೊಡ್ಡವರ ಕಾರಿಗೆ ಯಾಕೆ ಕೇಳಲ್ಲ?"

ಅಬ್ಬಾ, ಇದೊಂದು ವಾದಕ್ಕೆ ನನ್ನ ಪೂರ್ತಿ ಬೆಂಬಲ ಇದೆ!

ಸುಪ್ರೀಂ ಕೋರ್ಟು ಹೇಳಿದ ವಿನಾಯಿತಿ ತುಂಬ ಸಣ್ಣದು. ಝಡ್ ಮತ್ತು ಝಡ್ ಪ್ಲಸ್ ಭದ್ರತೆ ಇರುವವರ ಸರ್ಕಾರಿ ಕಾರಿಗೆ ಮಾತ್ರ. ಅದೂ ತಾನಾಗೇ ಸಿಗೋದಲ್ಲ, ಪೊಲೀಸ್ ಮುಖ್ಯಸ್ಥರು ಮತ್ತು ಗೃಹ ಕಾರ್ಯದರ್ಶಿ ಇರುವ ಸಮಿತಿ ಪ್ರತಿ ಪ್ರಕರಣವನ್ನೂ ನೋಡಿ ಒಪ್ಪಬೇಕು. ಈಗ ನೀವೇ ಹೇಳಿ, ವಿಧಾನಸೌಧದ ಸುತ್ತ ಒಂದು ರೌಂಡು ಹಾಕಿದರೆ ಕಾಣುವ ಕಪ್ಪು ಗಾಜಿನ, ಪರದೆ ಹಾಕಿದ ಬಿಳಿ ಕಾರುಗಳಿಗೆಲ್ಲ ಆ ಸಮಿತಿ ಕೂತು ಒಪ್ಪಿಗೆ ಕೊಟ್ಟಿದೆಯಾ? 2017ರ ಮೇ 1ರಿಂದ ಗೂಟದ ಕಾರಿನ ಗೂಟ ಹೋಯಿತು. ಗಾಜಿನ ಕಪ್ಪು ಹೋಗಲಿಲ್ಲ. ಗೂಟ ಕಿತ್ತ ಜಾಗದಲ್ಲಿ ಕಪ್ಪು ಗಾಜೇ ಹೊಸ ಗೂಟ ಆಗಿದೆ, ಅಷ್ಟೇ.

ನಿಜ ಹೇಳಬೇಕಂದ್ರೆ ನಮ್ಮ ಜನ ಕಪ್ಪು ಫಿಲ್ಮ್ ಹಾಕಿಸೋದರ ಹಿಂದೆ ಬಿಸಿಲಿಗಿಂತ ಇದೇ ಹೆಚ್ಚು ಇದೆ ಅಂತ ನನ್ನ ಅನುಮಾನ. ಒಳಗೆ ಯಾರೋ ದೊಡ್ಡ ಮನುಷ್ಯ ಇರಬೇಕು ಅಂತ ಹೊರಗಿನವರು ಅಂದುಕೊಳ್ಳಲಿ ಅನ್ನೋ ಆಸೆ. ಒಳಗೆ ಇರೋದು ನಮ್ಮ ಹಾಗೆ ಇಎಂಐ ಕಟ್ಟುವ, ಅಪ್ರೈಸಲ್ಲಿಗೆ ಕಾಯುವ ಸಾಫ್ಟ್‌ವೇರ್ ಗುಮಾಸ್ತ!

ಆದರೆ ದೊಡ್ಡವರು ಮುರೀತಾರೆ ಅಂತ ನಾವೂ ಮುರಿದರೆ ರಸ್ತೆ ದಾಟುವ ಅಜ್ಜಿಗೆ ಏನು ಲಾಭ? ಅವಳಿಗೆ ಒಂದು ಕಪ್ಪು ಕಾರಿನ ಜಾಗದಲ್ಲಿ ಎರಡು ಕಪ್ಪು ಕಾರು.

ಪೊಲೀಸರಿಗೂ ಒಂದು ಮಾತು

ನಿಯಮ ಬರೆದಿರೋದು ಪರ್ಸೆಂಟಿನಲ್ಲಿ. ಹಾಗಿದ್ದ ಮೇಲೆ ಜಾರಿಯೂ ಪರ್ಸೆಂಟಿನಲ್ಲಿ ಆಗಬೇಕು. ಗಾಜಿನ ಆಚೆ ಈಚೆ ಹಿಡಿದರೆ ಎಷ್ಟು ಬೆಳಕು ಬರ್ತಿದೆ ಅಂತ ತೋರಿಸುವ ಟಿಂಟ್ ಮೀಟರ್ ಅಂತ ಒಂದು ಸಣ್ಣ ಉಪಕರಣ ಇದೆ, ಅಂಗೈಯಲ್ಲಿ ಹಿಡಿಯೋ ಅಷ್ಟು. ಕುಡಿದು ಓಡಿಸಿದನಾ ಅಂತ ನೋಡೋಕೆ ಊದಿಸುವ ಮೀಟರ್ ಇದೆ, ವೇಗ ನೋಡೋಕೆ ಗನ್ ಇದೆ. ಗಾಜು ನೋಡೋಕೆ ಮಾತ್ರ "ಕಪ್ಪಗೆ ಕಾಣ್ತಿದೆ, ಸೈಡಿಗೆ ಹಾಕಿ" ಅನ್ನೋ ಕಣ್ಣಂದಾಜು! ಮಧ್ಯಾಹ್ನ ನೋಡಿದ ಗಾಜು ಬೇರೆ, ಮೋಡ ಕವಿದಾಗ ನೋಡಿದ ಅದೇ ಗಾಜು ಬೇರೆ. ಒಳಗಿನ ಸೀಟು ಕಪ್ಪು ಬಣ್ಣದ್ದಾದರೆ ತಿಳಿ ಗಾಜೂ ಕಪ್ಪಗೇ ಕಾಣುತ್ತೆ. ಅಳತೆ ಇಲ್ಲದ ಕಡೆ ಮಾತುಕತೆ ಶುರುವಾಗುತ್ತೆ, ಮಾತುಕತೆ ಎಲ್ಲಿಗೆ ಮುಗಿಯುತ್ತೆ ಅಂತ ನಿಮಗೆಲ್ಲ ಗೊತ್ತೇ ಇದೆ.

ಕಂಪನಿ ಗಾಜು ಹಾಗೇ ಇಟ್ಟುಕೊಂಡವರನ್ನು ಯಾರಾದರೂ ತಡೆದರೆ ಜಗಳ ಬೇಡ. ಗಾಜಿನ ಮೂಲೆಯಲ್ಲಿ ಐಎಸ್‌ಐ ಮುದ್ರೆ ಇರುತ್ತೆ, ತೋರಿಸಿ. ಒಳಗಿನಿಂದ ಉಗುರು ಆಡಿಸಿ ಫಿಲ್ಮ್ ಇಲ್ಲ ಅಂತ ತೋರಿಸಿ. ಮೀಟರ್ ಇದ್ದರೆ ಅಳೆಯಿರಿ, ಬಂದ ಸಂಖ್ಯೆಯನ್ನು ರಶೀದಿಯಲ್ಲಿ ಬರೆಯಿರಿ ಅಂತ ವಿನಯವಾಗಿ ಕೇಳಿ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನ ಸಾಮಾನ್ಯ ದಂಡ ಮೊದಲ ಸಲಕ್ಕೆ 500 ರೂಪಾಯಿವರೆಗೆ, ಮತ್ತೆ ಮಾಡಿದರೆ 1,500ರವರೆಗೆ. ಸಾವಿರಾರು ರೂಪಾಯಿ ಕೊಟ್ಟು ಫಿಲ್ಮ್ ಹಾಕಿಸಿದವನಿಗೆ ಇದು ದೊಡ್ಡ ಮೊತ್ತ ಅಲ್ಲ. ಹಾಗಾಗಿ ದಂಡದ ಹೆದರಿಕೆಯಿಂದ ಯಾರೂ ಬದಲಾಗಲ್ಲ. ಅಳತೆ ಎಲ್ಲರಿಗೂ ಒಂದೇ ಅಂತ ಗೊತ್ತಾದ ದಿನ ಬದಲಾಗ್ತಾರೆ.

ಸರಿ, ಹಾಗಾದ್ರೆ ಏನು ಮಾಡಬೇಕು?

ಬರೀ ಬೈದು ಹೋದರೆ ಆಗಲ್ಲ ಅಲ್ವಾ, ನನ್ನ ಸಲಹೆ ಇಷ್ಟು.

ಒಂದು, ಕಂಪನಿ ಗಾಜನ್ನು ಹಾಗೇ ಬಿಡಿ. ಕಾನೂನಿನ ಯಾವ ಗೊಂದಲವೂ ಅಂಟದ ಆಯ್ಕೆ ಇದೊಂದೇ. ಮುಂದಿನ ಗಾಜಿಗಂತೂ ಕೈ ಹಾಕಲೇಬೇಡಿ.

ಎರಡು, ಕಾರು ಕೊಳ್ಳುವಾಗಲೇ ಗಾಜಿನ ಬಗ್ಗೆ ಕೇಳಿ. ಯುವಿ ಕಟ್ ಇದೆಯಾ, ಶಾಖ ತಡೆಯುವ ಗಾಜಾ, ವಿಎಲ್‌ಟಿ ಎಷ್ಟು?

ಮೂರು, ನಿಂತ ಕಾರಿಗೆ ಮುಂದಿನ ಗಾಜಿನ ಒಳಗೆ ಮಡಚುವ ಸನ್ ಶೇಡ್ ಇಡಿ. ಆ ಹೆಬ್ಬಾಗಿಲು ಮುಚ್ಚೋಕೆ ಇದಕ್ಕಿಂತ ಅಗ್ಗದ ಉಪಾಯ ಇಲ್ಲ. ಹೊರಡುವಾಗ ತೆಗೆಯೋದು ಮರೀಬೇಡಿ :-)

ನಾಲ್ಕು, ಬಿಸಿಲಲ್ಲಿ ನಿಂತ ಕಾರಿಗೆ ಹತ್ತಿದ ಕೂಡಲೇ ಗಾಜು ಏರಿಸಿ ಏಸಿ ಹಾಕಬೇಡಿ. ನಾಲ್ಕೂ ಕಿಟಕಿ ಇಳಿಸಿ ಒಂದೆರಡು ನಿಮಿಷ ಓಡಿಸಿ, ಒಳಗಿನ ಬಿಸಿಗಾಳಿ ಹೊರಗೆ ಹೋಗಲಿ. ಆಮೇಲೆ ಏಸಿ ಹಾಕಿ, ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಒತ್ತಿ.

ಐದು, ಇಷ್ಟಾದರೂ ಫಿಲ್ಮ್ ಹಾಕಿಸಿಯೇ ತೀರುತ್ತೇನೆ, ಕೋರ್ಟಿನ ಗೊಂದಲ ನನ್ನ ತಲೆ ಮೇಲೆ ಇರಲಿ ಅನ್ನೋರು ಕಪ್ಪು ಎಷ್ಟು ಅಂತ ಕೇಳಬೇಡಿ. ಒಟ್ಟು ಸೂರ್ಯಶಕ್ತಿಯಲ್ಲಿ ಎಷ್ಟು ಪರ್ಸೆಂಟ್ ತಡೆಯುತ್ತೆ ಅಂತ ಕೇಳಿ. ಹಾಕುವ ಮೊದಲು ಗಾಜನ್ನು ಮೀಟರಿನಲ್ಲಿ ಅಳೆಸಿ, ಗುಣಿಸಿ, 50ರ ಮೇಲೆ ಬಂದರೆ ಮಾತ್ರ ಮುಂದುವರಿಯಿರಿ. ಲೋಹದ ಪದರ ಇರುವ ಫಿಲ್ಮ್ ರೇಡಿಯೋ ಅಲೆಗಳನ್ನೂ ತಡೆಯುತ್ತೆ, ಮೊಬೈಲು, ಜಿಪಿಎಸ್ ಒದ್ದಾಡಬಹುದು.

ಇಷ್ಟರ ಮೇಲೂ "ನನಗೆ ಕಪ್ಪೇ ಬೇಕು" ಅನ್ನೋರು ಒಂದು ಸಣ್ಣ ಕೆಲಸ ಮಾಡಿ. ಇವತ್ತು ರಾತ್ರಿ ಎಂಟು ಗಂಟೆಗೆ ನಿಮ್ಮ ಮನೆ ಹತ್ತಿರದ ಯಾವುದಾದರೂ ಗಲಾಟೆಯ ಸರ್ಕಲ್ಲಿಗೆ ನಡೆದುಕೊಂಡು ಹೋಗಿ. ಕಾರು ಬೇಡ. ರಸ್ತೆ ದಾಟಿ. ದಾಟುವಾಗ ನಿಮ್ಮ ಕಡೆ ಬರುತ್ತಿರುವ ಕಾರುಗಳಲ್ಲಿ ಯಾರ ಮುಖ ಕಾಣುತ್ತೆ, ಯಾರದ್ದು ಕಾಣಲ್ಲ ಅಂತ ಗಮನಿಸಿ. ಯಾವ ಕಾರಿನ ಮುಂದೆ ಹೆಜ್ಜೆ ಇಡೋಕೆ ನಿಮ್ಮ ಕಾಲು ಒಪ್ಪುತ್ತೆ ಅಂತ ನೋಡಿ. ಆಮೇಲೆ ಬಂದು ವಾದ ಮಾಡಿ, ನಾನು ರೆಡಿ.

ಏನಂತೀರಿ?